ಟೆಂಟಿನ ಕತ್ತಲು, ತೋಟದ ಕತ್ತಲು: ಅಲ್ಪವೆಚ್ಚದ ಹಳೆಯ ಭಯಾನಕ ಚಿತ್ರಗಳು ಮತ್ತು ತೆಂಗಿನ ಸೀಮೆ

ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ ೩೧ರ ರಾತ್ರಿಯನ್ನು ಹ್ಯಾಲೋವೀನ್ ಎಂದು ಆಚರಿಸುತ್ತಾರೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಕಾಲದಲ್ಲಿ ಸತ್ತವರು ಬದುಕಿರುವವರ ಲೋಕಕ್ಕೆ ಸಮೀಪವಾಗುತ್ತಾರೆಂಬ ಐರ್ಲೆಂಡ್ ಮೊದಲಾದ ನಾಡುಗಳ ಪ್ರಾಚೀನ ನಂಬಿಕೆ ಅದರ ಹಿಂದಿದೆ. ಹಳೆಯ ಭಯಾನಕ ಚಿತ್ರಗಳನ್ನು ಆ ದಿನಗಳಲ್ಲಿ ಹುಡುಕಿ ನೋಡುವುದು ಅಲ್ಲಿನ ವಾಡಿಕೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅದೇ ಋತುವಿನಲ್ಲಿ ಬರುವುದು ಭಾದ್ರಪದ ಬಹುಳದ ಪಿತೃಪಕ್ಷ ಮತ್ತು ಅದರ ಕೊನೆಯ ಮಹಾಲಯ ಅಮಾವಾಸ್ಯೆ. ಗತಿಸಿದ ಹಿರಿಯರಿಗೆ ಎಡೆಯಿಟ್ಟು, ಹೊಸ ಬಟ್ಟೆ ಇರಿಸಿ, ಧೂಪ ಹಾಕಿ, ಕೆಲಹೊತ್ತು ಕೋಣೆಯ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕಾಯುವ ಪದ್ಧತಿ ಹಳೆಯ ಮೈಸೂರು ಭಾಗದ ಹಲವು ಸಮುದಾಯಗಳಲ್ಲಿದೆ. ಒಳಗೆ ಯಾರೋ ಬಂದಿದ್ದಾರೆ, ಆದರೆ ಕಾಣುವುದಿಲ್ಲ, ಕಾಣಬೇಕೆಂದು ಇಣುಕಲೂಬಾರದು. ಮುಚ್ಚಿದ ಬಾಗಿಲು, ಅದರಾಚೆಯ ನಿಶ್ಶಬ್ದ, ಹೊರಗೆ ಕಾದಿರುವ ಜನ: ಭಯಾನಕ ಚಿತ್ರಕ್ಕೆ ಬೇಕಾದ ಮೂಲ ಸಾಮಗ್ರಿ ಇಷ್ಟೇ. ಇದರಲ್ಲಿ ಹಣ ಖರ್ಚಾಗುವ ವಸ್ತು ಒಂದೂ ಇಲ್ಲ.

ಅಲ್ಪವೆಚ್ಚದ ಹಳೆಯ ಭಯಾನಕ ಚಿತ್ರಗಳು ಕನ್ನಡ ಚಲನಚಿತ್ರ ಚರಿತ್ರೆಯಲ್ಲಿ ಗಂಭೀರ ಚರ್ಚೆಗೆ ಒಳಗಾದದ್ದು ಕಡಿಮೆ. ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಮತ್ತು ಹೊಸ ಅಲೆಯ ಚಿತ್ರಗಳಿಗೆ ದೊರೆತ ವಿಮರ್ಶೆಯ ಮನ್ನಣೆ 'ದೆವ್ವದ ಸಿನಿಮಾ'ಕ್ಕೆ ದೊರೆಯಲಿಲ್ಲ. ಅವುಗಳ ಬಡತನವನ್ನು ಅವುಗಳ ದೋಷವೆಂದೇ ಎಣಿಸಲಾಯಿತು. ವಾಸ್ತವವಾಗಿ ಈ ಚಿತ್ರಗಳ ಶಕ್ತಿ ಇದ್ದದ್ದು ಆ ಬಡತನದಲ್ಲಿಯೇ. ತೋರಿಸಲಾಗದ್ದನ್ನು ಅವು ಪ್ರೇಕ್ಷಕನ ಊಹೆಗೆ ಬಿಟ್ಟವು. ಆ ಊಹೆಯನ್ನು ಪ್ರೇಕ್ಷಕನು ತನ್ನ ಊರಿನ ಕತ್ತಲಿನಿಂದ, ತನ್ನ ಮನೆಯ ಕತೆಗಳಿಂದ ತುಂಬಿಕೊಂಡನು. ಆದ್ದರಿಂದ ಈ ಚಿತ್ರಗಳನ್ನು ತೆರೆಯ ಮೇಲಷ್ಟೇ ಅಭ್ಯಾಸ ಮಾಡಿದರೆ ಅರ್ಧ ಮಾತ್ರ ದಕ್ಕುತ್ತದೆ. ಅವುಗಳನ್ನು ನೋಡಿದ ಸ್ಥಳವನ್ನೂ ಅಭ್ಯಾಸ ಮಾಡಬೇಕು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಅಂಥ ಒಂದು ಸ್ಥಳವಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಕತ್ತಲು

ಕಲ್ಪತರು ನಾಡೆಂದು ಹೆಸರಾದ ಈ ಸೀಮೆಯ ಮುಖ್ಯ ಬೆಳೆ ತೆಂಗು. ಮುಖ್ಯ ಸರಕು ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆ ದೇಶದ ಪ್ರಮುಖ ಕೊಬ್ಬರಿ ಮಾರುಕಟ್ಟೆಗಳಲ್ಲೊಂದು. ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿದ ಹೋಳಲ್ಲ. ಬಲಿತ ಕಾಯಿಗಳನ್ನು ಇಡಿಯಾಗಿ ಅಟ್ಟದ ಮೇಲೆ ರಾಶಿ ಹಾಕಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಹೀರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯನ್ನು ಅಲ್ಲಾಡಿಸಿದರೆ ಕೊಬ್ಬರಿ ಒಳಗೆ ಗಡಗಡಿಸುವ ಹಂತಕ್ಕೆ ಬಂದಾಗ ಅದು ಸುಲಿಯಲು ಸಿದ್ಧ. ಹೀಗಾಗಿ ಈ ಭಾಗದ ಬೆಳೆಗಾರರ ಮನೆಗಳಲ್ಲಿ ತಲೆಯ ಮೇಲೆ ಸದಾ ಒಂದು ಕತ್ತಲ ಕೋಣೆಯಿರುತ್ತದೆ. ಅಲ್ಲಿ ಇಲಿ ಓಡಿದರೆ ಕಾಯಿ ಉರುಳುತ್ತದೆ. ಉರುಳಿದ ಕಾಯಿಯೊಳಗೆ ಕೊಬ್ಬರಿ ಸದ್ದು ಮಾಡುತ್ತದೆ. ಕೆಳಗೆ ಮಲಗಿದ ಮಕ್ಕಳಿಗೆ ಆ ಸದ್ದಿನ ಕಾರಣ ಗೊತ್ತಿದ್ದರೂ ನಡುರಾತ್ರಿಯಲ್ಲಿ ಆ ತಿಳಿವು ನೆರವಿಗೆ ಬರುವುದಿಲ್ಲ.

ಹೊರಗಿನ ತೋಟದ್ದೂ ಇದೇ ಬಗೆ. ಒಣಗಿದ ಗರಿ ಎತ್ತರದಿಂದ ಕಳಚಿ ಬೀಳುವಾಗ ಮೊದಲು ಸರಸರನೆ ಉಜ್ಜಿ ಅನಂತರ ದೊಪ್ಪನೆ ನೆಲಕ್ಕೆ ಬಡಿಯುತ್ತದೆ. ಬೆಳದಿಂಗಳಿನಲ್ಲಿ ಗರಿಗಳ ನೆರಳು ನೆಲದ ಮೇಲೆ ಬೆರಳುಗಳಂತೆ ಆಡುತ್ತದೆ. ಒಂದೇ ಎತ್ತರದ, ಒಂದೇ ಅಂತರದ ಕಾಂಡಗಳ ಸಾಲಿನಲ್ಲಿ ಮನುಷ್ಯನೊಬ್ಬ ನಿಂತರೆ ದೂರದಿಂದ ಗುರುತಿಸುವುದು ಕಷ್ಟ. ಈ ಪರಿಸರದ ಜನಪದ ಕಲ್ಪನೆಯಲ್ಲಿ ದೆವ್ವ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಕಿವಿಗೂ ಮೂಗಿಗೂ ಮೈಗೂ ತಗಲುವ ವಸ್ತು. 'ಗಾಳಿ ಸೋಕಿತು', 'ಮೆಟ್ಟಿಕೊಂಡಿತು', 'ಮೈಮೇಲೆ ಬಂತು' ಎಂಬ ಮಾತುಗಳಲ್ಲಿ ನೋಟದ ಸೂಚನೆಯೇ ಇಲ್ಲ. ಮೋಹಿನಿಯನ್ನು ಗೆಜ್ಜೆಯ ದನಿಯಿಂದ, ಹೊತ್ತಲ್ಲದ ಹೊತ್ತಿನ ಹೂವಿನ ವಾಸನೆಯಿಂದ ಗುರುತಿಸುತ್ತಾರೆ. ಕೊಳ್ಳಿದೆವ್ವ ದೂರದಲ್ಲಿ ಚಲಿಸುವ ಬರಿಯ ಬೆಂಕಿ.

ಭರತನ ನಾಟ್ಯಶಾಸ್ತ್ರವು ಭಯಾನಕ ರಸದ ವಿಭಾವಗಳನ್ನು ಹೇಳುವಾಗ ವಿಕಾರವಾದ ಧ್ವನಿ, ನರಿ ಮತ್ತು ಗೂಬೆಯ ಕೂಗು, ಪಾಳುಮನೆ, ಅರಣ್ಯಪ್ರವೇಶಗಳನ್ನು ಹೆಸರಿಸುತ್ತದೆ. ಇಪ್ಪತ್ತನೆಯ ಶತಮಾನದ ಅಲ್ಪವೆಚ್ಚದ ಭಯಾನಕ ಚಿತ್ರದ ಸಲಕರಣೆಗಳ ಪಟ್ಟಿಯೂ ಇದೇ. ಶಾಸ್ತ್ರ, ಜನಪದ, ಸಿನಿಮಾ ಮೂರೂ ಒಂದು ಮಾತಿನಲ್ಲಿ ಕೂಡುತ್ತವೆ: ಭಯವು ಕಾಣುವ ವಸ್ತುವಿನಲ್ಲಿರುವುದಕ್ಕಿಂತ ಕಾಣುವ ಮೊದಲಿನ ಸೂಚನೆಯಲ್ಲಿರುತ್ತದೆ.

ಟೂರಿಂಗ್ ಟಾಕೀಸು

ಈ ಸೂಚನೆಗಳು ತೆರೆಯ ಮೇಲೆ ಬಂದಾಗ ಗ್ರಾಮೀಣ ಪ್ರೇಕ್ಷಕರು ಅವುಗಳನ್ನು ಕಂಡದ್ದು ಟೂರಿಂಗ್ ಟಾಕೀಸುಗಳಲ್ಲಿ. ಪಟ್ಟಣಗಳಲ್ಲಿ ಕಾಯಂ ಚಿತ್ರಮಂದಿರಗಳು ಬಂದ ಮೇಲೂ ಹೋಬಳಿ ಕೇಂದ್ರಗಳಿಗೂ ಹಳ್ಳಿಗಳಿಗೂ ಸಿನಿಮಾ ತಲುಪಿದ್ದು ಟೆಂಟುಗಳ ಮೂಲಕ. ೧೯೬೪ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯಿದೆಯಂತೆ ಇವಕ್ಕೆ ಪರವಾನಗಿ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯದು. ಬಟ್ಟೆಯ ಗೋಡೆಯೊಳಗೆ ಹಗಲಿನ ಬೆಳಕು ನುಸುಳುವ ಕಾರಣ ಟೆಂಟಿನಲ್ಲಿ ಹಗಲಾಟ ಸಾಧ್ಯವಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಮೊದಲನೆಯ ಆಟ, ಅದು ಬಿಟ್ಟ ಮೇಲೆ ಎರಡನೆಯ ಆಟ. ಧ್ವನಿವರ್ಧಕದಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿಬಂತೆಂದರೆ ಆಟ ಆರಂಭವಾಗಲಿದೆಯೆಂದು ಸುತ್ತಿನ ಊರುಗಳಿಗೆ ತಿಳಿಯುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆಗಳಲ್ಲಿ ಜನ ಕೂರುತ್ತಿದ್ದರು. ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರ್ ಇರುತ್ತಿದ್ದುದರಿಂದ ರೀಲು ಬದಲಿಸುವಾಗಲೆಲ್ಲ ಚಿತ್ರ ನಿಲ್ಲುತ್ತಿತ್ತು.

ಭಯಾನಕ ಚಿತ್ರಕ್ಕೆ ಈ ಕೊರತೆಗಳೆಲ್ಲ ಒದಗಿಬಂದವು. ನಗರಗಳಲ್ಲಿ ಓಡಿ ಸವೆದು ತಡವಾಗಿ ಬಂದ ಪ್ರತಿಯಲ್ಲಿ ಗೀರುಗಳು ಮಳೆಯಂತೆ ಸುರಿಯುತ್ತಿದ್ದವು. ತುಂಡಾಗಿ ಅಂಟಿಸಿದ ಕಡೆ ಪಾತ್ರವೊಂದು ನಿಂತಲ್ಲಿಂದ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಬಾಗಿಲು ಕಿರುಗುಟ್ಟುತ್ತ ತೆರೆಯುವ ಹೊತ್ತಿಗೇ ರೀಲು ಮುಗಿದರೆ, ಹೊಸ ರೀಲು ಏರುವವರೆಗೆ ಒಳಗೇನಿದೆಯೆಂಬುದನ್ನು ಪ್ರೇಕ್ಷಕರು ತಾವೇ ಕಲ್ಪಿಸಿಕೊಳ್ಳಬೇಕಿತ್ತು. ಗಾಳಿಗೆ ಟೆಂಟಿನ ಬಟ್ಟೆ ಪಟಪಟನೆ ಬಡಿಯುವ ಸದ್ದು ಚಿತ್ರದ್ದೋ ಹೊರಗಿನದ್ದೋ ತಿಳಿಯುತ್ತಿರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಎರಡನೆಯ ಆಟ ಬಿಡುತ್ತಿದ್ದುದು ನಡುರಾತ್ರಿ ಕಳೆದ ಮೇಲೆ. ಅಲ್ಲಿಂದ ಊರಿಗೆ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ತೋಟಗಳ ನಡುವಿನ ಹಾದಿ. ಚಿತ್ರದ ಕೊನೆಯ ಅಂಕ ನಡೆಯುತ್ತಿದ್ದುದು ಆ ಹಾದಿಯಲ್ಲಿ. ಜನ ಗುಂಪಾಗಿ, ಗಟ್ಟಿಯಾಗಿ ಮಾತನಾಡುತ್ತ ನಡೆಯುತ್ತಿದ್ದರು. ಗುಂಪಿನ ಕೊನೆಯವನಾಗಲು ಯಾರೂ ಒಪ್ಪುತ್ತಿರಲಿಲ್ಲ. ಹವಾನಿಯಂತ್ರಿತ ಮಂದಿರದಿಂದ ಬೆಳಕಿನ ಬೀದಿಗೆ ಹೊರಬರುವ ಪ್ರೇಕ್ಷಕನಿಗೆ ಈ ಅಂಕ ದೊರೆಯುವುದಿಲ್ಲ.

ಅರಸೀಕೆರೆಯಿಂದ 'ಜಗನ್ಮೋಹಿನಿ'ಯವರೆಗೆ

ಈ ಸೀಮೆಗೂ ಅಲ್ಪವೆಚ್ಚದ ದೆವ್ವದ ಸಿನಿಮಾಕ್ಕೂ ಇರುವ ಸಂಬಂಧ ಪ್ರೇಕ್ಷಕರದಷ್ಟೇ ಅಲ್ಲ. ದಕ್ಷಿಣ ಭಾರತದಲ್ಲಿ ಈ ಪ್ರಕಾರಕ್ಕೆ ಅತ್ಯಂತ ಜನಪ್ರಿಯ ರೂಪ ಕೊಟ್ಟ ಬಿ. ವಿಠಲಾಚಾರ್ಯರು (೧೯೨೦–೧೯೯೯) ಸಿನಿಮಾದ ಮೊದಲ ಪಾಠ ಕಲಿತದ್ದು ತಿಪಟೂರಿನ ನೆರೆಯ ಹಾಸನ ಜಿಲ್ಲೆಯ ಟೂರಿಂಗ್ ಟಾಕೀಸಿನಲ್ಲಿ. ಉಡುಪಿ ಸಮೀಪದ ಉದ್ಯಾವರದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮನೆ ಬಿಟ್ಟು ಅರಸೀಕೆರೆ ಸೇರಿದ ಅವರು ಅಲ್ಲಿ ಹೋಟೆಲು ನಡೆಸಿದರು. ೧೯೪೨ರ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಕಂಡರು. ಬಿಡುಗಡೆಯ ನಂತರ ಗೆಳೆಯರೊಡನೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ಆರಂಭಿಸಿದರು. ಶಾಲೆಯ ಓದು ಹೆಚ್ಚಿಲ್ಲದ ಅವರಿಗೆ ತಮ್ಮ ಟೆಂಟಿನಲ್ಲಿ ಓಡಿದ ಚಿತ್ರಗಳೇ ಚಿತ್ರಕಲೆಯ ಪಾಠಶಾಲೆಯಾದವು. ನೆಲದ ಮೇಲೆ ಕೂತವರು ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ, ಎಲ್ಲಿ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಾರೆ ಎಂಬುದನ್ನು ಟೆಂಟಿನ ಮಾಲೀಕನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಡಿ. ಶಂಕರ್ ಸಿಂಗ್ ಮೊದಲಾದವರೊಡನೆ ಮಹಾತ್ಮ ಪಿಕ್ಚರ್ಸ್ ಸಂಸ್ಥೆ ಕಟ್ಟಿ ವಿಠಲಾಚಾರ್ಯರು ಮೈಸೂರಿಗೆ ಬಂದರು. ಆ ಸಂಸ್ಥೆಯ 'ನಾಗಕನ್ನಿಕಾ' (೧೯೪೯) ಮತ್ತು 'ಜಗನ್ಮೋಹಿನಿ' (೧೯೫೧) ಕನ್ನಡದಲ್ಲಿ ಮಾಯಾಮಂತ್ರದ ಕಥೆಗಳಿಗೆ ದೊಡ್ಡ ಪ್ರೇಕ್ಷಕವರ್ಗವಿದೆಯೆಂದು ತೋರಿಸಿಕೊಟ್ಟವು. ಮುಂದೆ ಅವರು ಮದರಾಸಿಗೆ ಹೋಗಿ ತೆಲುಗಿನಲ್ಲಿ ನೆಲೆನಿಂತು 'ಜಾನಪದ ಬ್ರಹ್ಮ' ಎಂಬ ಬಿರುದಿಗೆ ಪಾತ್ರರಾದರು. ಕಡಿಮೆ ಹಣ, ಕಡಿಮೆ ದಿನ, ಮತ್ತೆ ಮತ್ತೆ ಬಳಕೆಯಾಗುವ ಸೆಟ್ಟು, ಕ್ಯಾಮೆರಾದಲ್ಲೇ ಸಾಧಿಸುವ ಚಮತ್ಕಾರ: ಇವು ಅವರ ನಿರ್ಮಾಣದ ಸೂತ್ರಗಳು. ನಟರು ಸಹಕರಿಸದಿದ್ದರೆ ಕಥೆಯಲ್ಲೊಂದು ಶಾಪ ಸೇರಿಸಿ ಆ ಪಾತ್ರವನ್ನು ಗಿಣಿಯನ್ನಾಗಿಯೋ ಮೇಕೆಯನ್ನಾಗಿಯೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಪ್ರಚಲಿತ. ಅದು ಎಷ್ಟು ನಿಜವೆಂಬುದಕ್ಕಿಂತ, ಕೊರತೆಯನ್ನೇ ಕಥೆಯಾಗಿಸುವ ಅವರ ಕ್ರಮವನ್ನು ಅದು ಸರಿಯಾಗಿ ಹಿಡಿದಿದೆಯೆಂಬುದು ಮುಖ್ಯ.

೧೯೭೮ರಲ್ಲಿ ಅವರು ತೆಲುಗಿನಲ್ಲಿ ನಿರ್ದೇಶಿಸಿದ 'ಜಗನ್ಮೋಹಿನಿ'ಯಲ್ಲಿ ಈ ಕ್ರಮ ಪರಾಕಾಷ್ಠೆಗೆ ಮುಟ್ಟಿತು. ಜಯಮಾಲಿನಿ, ಪ್ರಭಾ, ನರಸಿಂಹರಾಜು ಇದರ ಮುಖ್ಯ ನಟರು. ಈ ನರಸಿಂಹರಾಜು ತೆಲುಗು ನಟ. ೧೯೨೩ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಕನ್ನಡದ ಹಾಸ್ಯ ಚಕ್ರವರ್ತಿ ಟಿ. ಆರ್. ನರಸಿಂಹರಾಜು ಬೇರೆ. ಪ್ರೇತಸ್ತ್ರೀಯೊಬ್ಬಳು ಒಲೆಯ ಮುಂದೆ ಕೂತು ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗೆ ಚಾಚಿ ಅಡುಗೆ ಮಾಡುವ ದೃಶ್ಯ ಈ ಚಿತ್ರವನ್ನು ನೋಡಿದವರ ನೆನಪಿನಿಂದ ಅಳಿದಿಲ್ಲ. ಅರಮನೆ, ಗುಹೆ, ರಾಕ್ಷಸರ ಆಡಂಬರವೆಲ್ಲ ಮರೆತುಹೋದರೂ ಅದು ಉಳಿದಿರುವುದಕ್ಕೆ ಕಾರಣ ಸ್ಪಷ್ಟ. ಒಲೆ, ಸೌದೆ, ಅಡುಗೆಮನೆಯ ಹೊಗೆ ಎಲ್ಲವೂ ನೋಡುವವರ ಮನೆಯವು. ಸೋಗೆ, ಮಟ್ಟೆ, ಚಿಪ್ಪುಗಳನ್ನೇ ಉರುವಲು ಮಾಡಿಕೊಂಡ ಸೀಮೆಯ ಹೆಂಗಸರು ಮರುದಿನ ಬೆಳಗ್ಗೆ ಅಂಥದೇ ಒಲೆಯ ಮುಂದೆ ಕೂರಬೇಕಿತ್ತು. ಭಯವನ್ನು ಅರಮನೆಯಿಂದ ಅಡುಗೆಮನೆಗೆ ತಂದದ್ದು ಈ ದೃಶ್ಯದ ಸಾಧನೆ.

ಕನ್ನಡದ ಚಿತ್ರಗಳು

ಅದೇ ವರ್ಷಗಳಲ್ಲಿ ಕನ್ನಡದಲ್ಲಿಯೂ ಭಯ ಮತ್ತು ನಿಗೂಢಗಳನ್ನು ಮಿತವಾದ ಬಂಡವಾಳದಲ್ಲಿ ಕಟ್ಟುವ ಪ್ರಯತ್ನಗಳು ನಡೆದವು. ಕಾಶಿನಾಥ್ ನಿರ್ದೇಶನದ 'ಅಪರಿಚಿತ' (೧೯೭೮) ದೆವ್ವದ ಚಿತ್ರವಲ್ಲ, ಕೊಲೆಯ ಸುತ್ತ ಹೆಣೆದ ನಿಗೂಢ ಕಥೆ. ಆದರೆ ದೊಡ್ಡ ತಾರೆಯರಿಲ್ಲದೆ, ಸುರೇಶ್ ಹೆಬ್ಳೀಕರ್ ಮತ್ತು ಶೋಭಾ ಅವರಂಥ ನಟರನ್ನು ನೆಚ್ಚಿ, ಶಂಕೆಯೊಂದನ್ನೇ ಬಂಡವಾಳ ಮಾಡಿಕೊಂಡು ಚಿತ್ರ ಗೆಲ್ಲಬಲ್ಲದೆಂದು ಅದು ತೋರಿಸಿತು. ೧೯೮೧ರಲ್ಲಿ ಕಾಶಿನಾಥ್ ಅವರೇ ಅದನ್ನು 'ಬೇಶಕ್' ಎಂಬ ಹೆಸರಿನಲ್ಲಿ ಹಿಂದಿಗೆ ತಂದರು.

೧೯೭೯ರ 'ನಾ ನಿನ್ನ ಬಿಡಲಾರೆ' ಕನ್ನಡದ ದೆವ್ವದ ಚಿತ್ರಗಳ ಪೈಕಿ ಮೊದಲ ಪಂಕ್ತಿಯಲ್ಲಿ ನಿಲ್ಲುವಂಥದು. ವಿಜಯ್ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ. ಅನಂತನಾಗ್, ಲಕ್ಷ್ಮಿ, ಕೆ. ವಿಜಯಾ ಮುಖ್ಯ ಪಾತ್ರಧಾರಿಗಳು. ಗಂಡನ ಮೇಲೆ ಆಸೆಯಿಟ್ಟಿದ್ದ ಹೆಣ್ಣೊಬ್ಬಳ ಪ್ರೇತ ಅವನ ಹೆಂಡತಿಯನ್ನು ಹೊಗುತ್ತದೆ. ಬಿಡುಗಡೆ ದೊರೆಯುವುದು ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ. ಚಿತ್ರದ ಹೆಸರೇ ಅದರ ಕೀಲಿಕೈ. ಒಂದು ಅರ್ಥದಲ್ಲಿ ಅದು ಪತಿಪತ್ನಿಯರ ಪ್ರೀತಿಯ ಮಾತು, ಇನ್ನೊಂದರಲ್ಲಿ ಪ್ರೇತದ ಬೆದರಿಕೆ, ಮತ್ತೊಂದರಲ್ಲಿ ಗುರುವಿನ ಪಾದ ಹಿಡಿದ ಭಕ್ತೆಯ ಹಟ. ಚಿತ್ರವು ಭಯಕ್ಕಾಗಿ ಮುಖ್ಯವಾಗಿ ನೆಚ್ಚಿರುವುದು ಲಕ್ಷ್ಮಿಯವರ ಅಭಿನಯವನ್ನು. ಒಂದೇ ಮುಖ, ಒಂದೇ ಮನೆ; ಕಣ್ಣು ಮತ್ತು ಧ್ವನಿ ಬದಲಾದೊಡನೆ ಮನೆಯೊಡತಿ ಮನೆಗೆ ಪರಕೀಯಳಾಗುತ್ತಾಳೆ. ಈ ಚಿತ್ರವೂ ಹಿಂದಿಗೆ ಹೋಯಿತು. ೧೯೮೧ರ 'ಮಂಗಳಸೂತ್ರ'ದಲ್ಲಿ ರೇಖಾ ಮತ್ತು ಅನಂತನಾಗ್ ನಟಿಸಿದರು.

ವಿಠಲಾಚಾರ್ಯರ ೧೯೭೮ರ ಚಿತ್ರವನ್ನೂ ಇದನ್ನೂ ಒಟ್ಟಿಗಿಟ್ಟು ನೋಡಿದರೆ ಸಮಾನ ವಿನ್ಯಾಸವೊಂದು ಗೋಚರಿಸುತ್ತದೆ. ಎರಡರಲ್ಲಿಯೂ ಪುರುಷನೊಬ್ಬ ಪತ್ನಿ ಮತ್ತು ಪ್ರೇತಗಳ ನಡುವೆ ಸಿಲುಕುತ್ತಾನೆ; ಎರಡರಲ್ಲಿಯೂ ಗೆಲ್ಲುವುದು ಪತ್ನಿಯ ಭಕ್ತಿ. ಆದರೆ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದದ್ದು ಗೆದ್ದವಳಿಗಿಂತ ಸೋತವಳು. ಆಸೆ ತೀರದೆ ಸತ್ತ ಹೆಣ್ಣು ಏನು ಕೇಳುತ್ತಿದ್ದಾಳೆಂಬ ಪ್ರಶ್ನೆಯನ್ನು ಈ ಚಿತ್ರಗಳು ನೇರವಾಗಿ ಎತ್ತುವುದಿಲ್ಲ. ಆದರೂ ಅವಳನ್ನು ತೆರೆಯ ನಡುವೆ ತಂದು ನಿಲ್ಲಿಸುತ್ತವೆ. ಸಾಮಾಜಿಕ ಚಿತ್ರಗಳಲ್ಲಿ ಕಣ್ಣೀರಿನಿಂದಲೇ ತೃಪ್ತಳಾಗಬೇಕಿದ್ದ ಹೆಣ್ಣು ಇಲ್ಲಿ ಸಿಟ್ಟಾಗಬಹುದು, ನಗಬಹುದು, ಎದುರು ನಿಲ್ಲಬಹುದು. ಸತ್ತ ಮೇಲೆ ಮಾತ್ರ ಆ ಸ್ವಾತಂತ್ರ್ಯ ಸಿಗುತ್ತದೆಂಬುದು ಈ ಪ್ರಕಾರದ ಮಿತಿಯೂ ಹೌದು, ಅದು ತಿಳಿಯದೆ ನುಡಿದ ಸತ್ಯವೂ ಹೌದು.

ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ 'ತರ್ಕ' (೧೯೮೯) ಹಾಡುಗಳಿಲ್ಲದೆ ಭಯದ ಬಿಗುವನ್ನು ಕಾಯ್ದುಕೊಂಡ ಅಪರೂಪದ ಪ್ರಯೋಗ. ಶಂಕರನಾಗ್, ದೇವರಾಜ್, ವನಿತಾ ವಾಸು ಅಭಿನಯದ ಈ ಚಿತ್ರದಲ್ಲಿ ಮನೆಯೇ ಮುಖ್ಯ ರಂಗ. ಟೆಂಟಿನ ಪ್ರೇಕ್ಷಕರು ಹಾಡು ಬಂದಾಗ ಉಸಿರು ಬಿಡುವುದಕ್ಕೆ ಒಗ್ಗಿದವರು. ಆ ಬಿಡುವನ್ನೇ ಈ ಚಿತ್ರ ಕೊಡಲಿಲ್ಲ. ಕಾಶಿನಾಥ್ ಅವರ ಗರಡಿಯಲ್ಲಿ ಪಳಗಿದ ಉಪೇಂದ್ರ, ತುರುವೇಕೆರೆ ತಾಲ್ಲೂಕಿನ ಮೂಲದ ಜಗ್ಗೇಶ್ ನಾಯಕರಾಗಿದ್ದ 'ತರ್ಲೆ ನನ್ ಮಗ' (೧೯೯೨) ಚಿತ್ರದ ನಂತರ 'ಶ್!' (೧೯೯೩) ನಿರ್ದೇಶಿಸಿದರು. ಕುಮಾರ್ ಗೋವಿಂದ್ ಮುಖ್ಯ ಪಾತ್ರದಲ್ಲಿದ್ದರು. ಸಾಧು ಕೋಕಿಲ ಸಂಗೀತ ನಿರ್ದೇಶಕರಾದದ್ದು ಈ ಚಿತ್ರದಿಂದ. ದೆವ್ವದ ಸಿನಿಮಾ ತೆಗೆಯಲು ಹೊರಟ ತಂಡದ ನಡುವೆಯೇ ಕೊಲೆಗಳು ನಡೆಯುವ ಕಥೆಯಿದು. ಕ್ಯಾಮೆರಾ, ಬೆಳಕು, ಹೊಗೆ, ಬಣ್ಣಗಳಿಂದ ದೆವ್ವವನ್ನು 'ತಯಾರಿಸುವ' ಬಗೆಯನ್ನು ಪ್ರೇಕ್ಷಕರ ಮುಂದೆಯೇ ಬಿಚ್ಚಿಟ್ಟು, ಆಮೇಲೂ ಅವರನ್ನು ಬೆಚ್ಚಿಬೀಳಿಸಿದ್ದು ಇದರ ವಿಶೇಷ. ಮರ್ಮ ಗೊತ್ತಿದ್ದೂ ಅಂಜುವ ಈ ಸ್ಥಿತಿ ಅಟ್ಟದ ಮೇಲಿನ ಕಾಯಿಯ ಸದ್ದಿಗೆ ಎಚ್ಚರಗೊಂಡವರಿಗೆ ಹೊಸದೇನಲ್ಲ.

೨೦೦೪ರ 'ಆಪ್ತಮಿತ್ರ' ದೊಡ್ಡ ತಾರೆಯರ, ದೊಡ್ಡ ಬಂಡವಾಳದ ಚಿತ್ರವಾದ್ದರಿಂದ ಈ ಚರ್ಚೆಯ ಹೊರಗಿನದು. ಆದರೆ ೨೦೧೩ರ '೬–೫=೨' ಮತ್ತೆ ಹಳೆಯ ಮಿತವ್ಯಯಕ್ಕೆ ಮರಳಿತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ದೊರೆತ ದ್ದೆಂಬಂತೆ ರೂಪಿಸಿದ ಅದರ ನಡುಗುವ, ಅರೆಗತ್ತಲಿನ ಚಿತ್ರಿಕೆಗಳು ಟೆಂಟಿನ ಸವೆದ ಪ್ರತಿಯ ಗುಣವನ್ನು ಬೇಕೆಂದೇ ಸೃಷ್ಟಿಸಿಕೊಂಡಂತಿವೆ.

ಇತರ ನಾಡುಗಳ ನಿದರ್ಶನಗಳು

ಬಡತನವೇ ಶೈಲಿಯಾದ ಈ ಬೆಳವಣಿಗೆ ಕನ್ನಡಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಆರ್‌ಕೆಓ ಸಂಸ್ಥೆಗಾಗಿ ವಾಲ್ ಲ್ಯೂಟನ್ ನಿರ್ಮಿಸಿ ಜಾಕ್ ಟೂರ್ನರ್ ನಿರ್ದೇಶಿಸಿದ 'ಕ್ಯಾಟ್ ಪೀಪಲ್' (೧೯೪೨) ಚಿತ್ರದಲ್ಲಿ ಚಿರತೆಯನ್ನು ತೋರಿಸುವುದಕ್ಕಿಂತ ಅದರ ನೆರಳನ್ನೂ ಸದ್ದನ್ನೂ ನೆಚ್ಚಲಾಯಿತು. ನಿರ್ಜನ ಬೀದಿಯಲ್ಲಿ ನಡೆಯುವ ಹೆಣ್ಣಿನ ಬೆನ್ನಹಿಂದೆ ಕೇಳಿಬರುವ ಬುಸುಗುಟ್ಟುವಿಕೆ ಕೊನೆಗೆ ಬಸ್ಸಿನ ಬ್ರೇಕಿನ ಸದ್ದಾಗಿ ತಿರುಗುವ ದೃಶ್ಯ ಮುಂದಿನ ಅಸಂಖ್ಯ ಚಿತ್ರಗಳಿಗೆ ಮಾದರಿಯಾಯಿತು. ಹರ್ಕ್ ಹಾರ್ವಿಯ 'ಕಾರ್ನಿವಲ್ ಆಫ್ ಸೋಲ್ಸ್' (೧೯೬೨) ಸುಮಾರು ೩೩,೦೦೦ ಡಾಲರುಗಳಲ್ಲಿ, ಪಾಳುಬಿದ್ದ ವಿಹಾರಮಂಟಪವೊಂದನ್ನು ಆಧರಿಸಿ ತಯಾರಾಯಿತು. ಜಾನ್ ಕಾರ್ಪೆಂಟರನ 'ಹ್ಯಾಲೋವೀನ್' (೧೯೭೮) ಚಿತ್ರದ ವೆಚ್ಚ ಸುಮಾರು ಮೂರು ಲಕ್ಷ ಡಾಲರು. ಅಂಗಡಿಯಲ್ಲಿ ಕೊಂಡ ಅಗ್ಗದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು ಕೊಲೆಗಾರನ ಮುಖ ಮಾಡಿದರು, ಸಂಗೀತವನ್ನು ನಿರ್ದೇಶಕನೇ ಹೊಸೆದನು. 'ಜಗನ್ಮೋಹಿನಿ', 'ಅಪರಿಚಿತ', 'ಹ್ಯಾಲೋವೀನ್' ಮೂರೂ ಒಂದೇ ವರ್ಷದವು. ಪರಸ್ಪರ ಪರಿಚಯವಿಲ್ಲದ ಮೂವರು ಕೊರತೆಯ ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಟ್ಟರು.

ಭಾರತದಲ್ಲಿ ಬಷೀರರ ಕಥೆಯನ್ನಾಧರಿಸಿ ಎ. ವಿನ್ಸೆಂಟ್ ನಿರ್ದೇಶಿಸಿದ ಮಲಯಾಳದ 'ಭಾರ್ಗವಿ ನಿಲಯಂ' (೧೯೬೪) ದೆವ್ವದೊಡನೆ ಸ್ನೇಹದಿಂದ ಮಾತನಾಡುವ ಬಾಡಿಗೆದಾರ ಲೇಖಕನ ಮೂಲಕ ಭಯಕ್ಕೆ ಕರುಣೆಯನ್ನು ಬೆರೆಸಿತು. ಹಿಂದಿಯಲ್ಲಿ ರಾಮ್ಸೆ ಸಹೋದರರು ಮಹಾಬಲೇಶ್ವರದಲ್ಲಿ ಚಿತ್ರೀಕರಿಸಿದ 'ದೋ ಗಜ್ ಜಮೀನ್ ಕೆ ನೀಚೆ' (೧೯೭೨) ಚಿತ್ರದಿಂದ ತೊಡಗಿ 'ಪುರಾನಾ ಮಂದಿರ್' (೧೯೮೪) ಮುಂತಾದ ಚಿತ್ರಗಳವರೆಗೆ ಸಣ್ಣ ಊರುಗಳ ಪ್ರೇಕ್ಷಕರನ್ನೇ ನೆಚ್ಚಿ ಬೆಳೆದರು. ಕನ್ನಡಕ್ಕೆ ಡಬ್ಬಿಂಗ್ ಇಲ್ಲದಿದ್ದ ದಶಕಗಳಲ್ಲಿ ಪರಭಾಷಾ ಚಿತ್ರಗಳನ್ನು ಮೂಲಭಾಷೆಯಲ್ಲಿಯೇ ನೋಡಬೇಕಿತ್ತು. ಮಾತು ತಿಳಿಯದ ಪ್ರೇಕ್ಷಕನಿಗೂ ಬಾಗಿಲಿನ ಕಿರುಗುಟ್ಟುವಿಕೆ ತಿಳಿಯುತ್ತಿದ್ದುದರಿಂದ ಈ ಪ್ರಕಾರಕ್ಕೆ ಭಾಷೆಯ ಗಡಿ ಅಷ್ಟಾಗಿ ಅಡ್ಡಬರಲಿಲ್ಲ.

ಮೂಢನಂಬಿಕೆಯ ಆಕ್ಷೇಪ

ದೆವ್ವದ ಚಿತ್ರಗಳು ಮೂಢನಂಬಿಕೆಯನ್ನು ಪೋಷಿಸುತ್ತವೆಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. 'ಮೈಮೇಲೆ ಬಂದ' ಹೆಣ್ಣನ್ನು ಮಾಂತ್ರಿಕನು ಕೂದಲು ಹಿಡಿದು ಎಳೆಯುವ, ಬೆತ್ತದಿಂದ ಹೊಡೆಯುವ ದೃಶ್ಯಗಳು ತೆರೆಯ ಮೇಲೆ ರೋಚಕವಾಗಿ ಕಂಡರೂ ಊರುಗಳಲ್ಲಿ ಅಂಥ ಹಿಂಸೆಯನ್ನು ನಿಜವಾಗಿ ಅನುಭವಿಸಿದವರಿದ್ದಾರೆ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಅಧಿನಿಯಮ ೨೦೧೭ರಲ್ಲಿ ಅಂಗೀಕಾರಗೊಂಡು ೨೦೨೦ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು ಅದು ಅಪರಾಧವೆಂದು ಸಾರಿದೆ. ಹಳೆಯ ಚಿತ್ರಗಳ ಇಂಥ ದೃಶ್ಯಗಳನ್ನು ಇಂದಿನ ಪ್ರೇಕ್ಷಕ ಈ ಅರಿವಿನೊಡನೆಯೇ ನೋಡಬೇಕು.

ಆದರೆ ಭಯವನ್ನು ಸಿನಿಮಾ ಹುಟ್ಟಿಸಿತೆಂಬುದು ಪೂರ್ಣ ಸತ್ಯವಲ್ಲ. ೧೯೯೦ರ ದಶಕದಲ್ಲಿ ಕರ್ನಾಟಕದ ಪಟ್ಟಣ ಮತ್ತು ಹಳ್ಳಿಗಳಲ್ಲಿ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ವಾಡಿಕೆ ಹಬ್ಬಿತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣುದೆವ್ವ ಆ ಬರಹ ಓದಿ ಹಿಂದಿರುಗುತ್ತದೆಂಬುದು ನಂಬಿಕೆ. ಇಲ್ಲಿ ಸಿನಿಮಾಕ್ಕಿಂತ ಮುಂಚೆ ಕತೆ ಊರಿನಿಂದ ಊರಿಗೆ ಬಾಯಿಂದ ಬಾಯಿಗೆ ಹರಿಯಿತು. ತೆರೆಗೆ ಬಂದದ್ದು ತಡವಾಗಿ. ೨೦೧೮ರ ಹಿಂದಿ ಚಿತ್ರ 'ಸ್ತ್ರೀ' ಇದೇ ಕಲ್ಪನೆಯನ್ನು ಬಳಸಿತು. ದೆವ್ವವನ್ನು ಹೊಡೆದೋಡಿಸದೆ ಎರಡು ಪದಗಳ ಉಪಾಯದಿಂದ ನಾಳೆಗೆ ಮುಂದೂಡುವ ಈ ಯುಕ್ತಿಯಲ್ಲಿ ಅಂಜಿಕೆಯಷ್ಟೇ ಹಾಸ್ಯವೂ ಇದೆ. ನೆರೆಹೊರೆಯವರೆಲ್ಲ ಒಟ್ಟಿಗೆ ಕೂತು ಹೆದರಿ, ಒಟ್ಟಿಗೆ ನಡೆದು ಮನೆ ಸೇರಿ, ಮರುದಿನ ಹೆದರಿದವರನ್ನು ಹೆಸರು ಹಿಡಿದು ಗೇಲಿ ಮಾಡುತ್ತಿದ್ದ ಟೆಂಟಿನ ಅನುಭವವೂ ಇಂಥದೇ. ಅಲ್ಲಿ ಭಯಕ್ಕೆ ಮಿತಿಯಿತ್ತು, ಜೊತೆಯಿತ್ತು, ಬೆಳಗಾದ ಮೇಲೆ ನಗುವಿತ್ತು.

ಉಳಿಸಿಕೊಳ್ಳುವ ಬಗೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (೧೯೩೪) ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಮೊದಲನೆಯದೆಂಬ ಗೌರವವಿದ್ದ ಚಿತ್ರದ ಗತಿಯೇ ಹೀಗಾದ ಮೇಲೆ ಗೌರವವಿಲ್ಲದ ದೆವ್ವದ ಚಿತ್ರಗಳನ್ನು ಕಾಪಾಡುವವರಾರು? ಈ ಸಂದರ್ಭದಲ್ಲಿ ಜಾರ್ಜ್ ರೊಮೆರೋನ 'ನೈಟ್ ಆಫ್ ದಿ ಲಿವಿಂಗ್ ಡೆಡ್' (೧೯೬೮) ಚಿತ್ರದ ಇತಿಹಾಸ ಬೋಧಪ್ರದವಾಗಿದೆ. ಸುಮಾರು ೧,೧೪,೦೦೦ ಡಾಲರುಗಳಲ್ಲಿ ತಯಾರಾದ ಆ ಕಪ್ಪುಬಿಳುಪು ಚಿತ್ರದ ಹೆಸರನ್ನು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಅದರಿಂದ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ನಿರ್ಮಾಪಕರಿಗೆ ನಷ್ಟವಾದರೂ ಅಸಂಖ್ಯ ಪ್ರತಿಗಳು ಹರಡಿ ಚಿತ್ರ ಜಗತ್ತಿನಾದ್ಯಂತ ಉಳಿಯಿತು. ಪ್ರತಿಗಳು ಹೆಚ್ಚಿದಷ್ಟೂ ಚಿತ್ರದ ಆಯುಷ್ಯ ಹೆಚ್ಚು. ಒಂದೇ ನೆಗೆಟಿವ್, ಕೆಲವೇ ಸವೆದ ಪ್ರತಿಗಳನ್ನು ಆಶ್ರಯಿಸಿದ ಸಣ್ಣ ಚಿತ್ರಗಳಿಗೆ ಆ ಭಾಗ್ಯವಿಲ್ಲ.

ಚಿತ್ರಗಳಂತೆಯೇ ಅವುಗಳ ಪರಿಸರದ ದಾಖಲೆಗಳೂ ಕಣ್ಮರೆಯಾಗುತ್ತಿವೆ. ಟೆಂಟಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಗಾಡಿಯಿಂದ ಎರಚುತ್ತಿದ್ದ ಕರಪತ್ರ, ಗೋಡೆಯ ಭಿತ್ತಿಪತ್ರ, ಪರವಾನಗಿಯ ಕಡತ, ಟಿಕೆಟಿನ ಲೆಕ್ಕಪುಸ್ತಕಗಳು ಸಂಶೋಧನೆಗೆ ಅಮೂಲ್ಯ ಆಕರಗಳು. ಜಿಲ್ಲಾ ಮತ್ತು ತಾಲ್ಲೂಕು ಗ್ರಂಥಾಲಯಗಳು ಇವನ್ನು ಸಂಗ್ರಹಿಸುವುದು ಕಷ್ಟವಲ್ಲ. ಇದಕ್ಕಿಂತ ತುರ್ತಿನದು ನೆನಪುಗಳ ಸಂಗ್ರಹ. ಟೆಂಟಿನ ಪ್ರೊಜೆಕ್ಟರ್ ನಡೆಸಿದವರು, ಗೇಟಿನಲ್ಲಿ ನಿಂತವರು, ಎರಡನೆಯ ಆಟ ಮುಗಿಸಿ ತೋಟದ ಹಾದಿಯಲ್ಲಿ ನಡೆದ ಗಂಡಸರು ಮತ್ತು ಹೆಂಗಸರು ಈಗ ಇಳಿವಯಸ್ಸಿನಲ್ಲಿದ್ದಾರೆ. ಭಯಾನಕ ಚಿತ್ರದ ಕೊನೆಯ ಅಂಕಕ್ಕೆ ಅವರೇ ಪ್ರತಿ. ಆ ಪ್ರತಿಗೆ ನೆಗೆಟಿವ್ ಇಲ್ಲ.

ಮಹಾಲಯದಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಗ್ರಂಥಾಲಯಗಳೂ ಚಿತ್ರಸಮಾಜಗಳೂ ಈ ಚಿತ್ರಗಳ ಪ್ರದರ್ಶನ ಏರ್ಪಡಿಸಿದರೆ ಅಧ್ಯಯನಕ್ಕೂ ಸಂರಕ್ಷಣೆಗೂ ಜನರ ಬೆಂಬಲ ದೊರೆಯುತ್ತದೆ. 'ನಾ ನಿನ್ನ ಬಿಡಲಾರೆ' ಮತ್ತು 'ಜಗನ್ಮೋಹಿನಿ'ಯನ್ನು ಜೊತೆಯಾಗಿ, 'ತರ್ಕ'ವನ್ನು 'ಕ್ಯಾಟ್ ಪೀಪಲ್' ಜೊತೆಗೆ, 'ಶ್!' ಚಿತ್ರವನ್ನು '೬–೫=೨' ಜೊತೆಗೆ ತೋರಿಸುವುದು ಉಪಯುಕ್ತ. ಸಾಧ್ಯವಾದರೆ ಪ್ರದರ್ಶನ ರಾತ್ರಿಯದಾಗಲಿ, ಬಯಲಿನಲ್ಲಾಗಲಿ. ನಡುನಡುವೆ ವಿರಾಮವಿದ್ದರೆ ಬಾಧೆಯಿಲ್ಲ. ಚಿತ್ರ ಮುಗಿದ ಮೇಲೆ ಹಿರಿಯರಿಂದ ಅವರ ಕಾಲದ ಅನುಭವ ಹೇಳಿಸಿ ದಾಖಲಿಸಬೇಕು. ಅಂಥ ರಾತ್ರಿ ತೋಟದ ಹಾದಿಯಲ್ಲಿ ಮನೆಗೆ ಮರಳುವ ಕಿರಿಯರು ಒಣಗರಿ ಬಿದ್ದ ಸದ್ದಿಗೆ ಒಮ್ಮೆ ನಿಂತು ಹಿಂದಿರುಗಿ ನೋಡಿದರೆ, ಹಳೆಯ ಚಿತ್ರವೊಂದು ಇನ್ನೂ ಜೀವಂತವಾಗಿದೆಯೆಂದು ತಿಳಿಯಬಹುದು.